ಹಳೆಯ ಜರ್ಮನ್ ಸೇನೆಯ ಪಿಸ್ತೂಲು ಹೋಲ್ಸ್ಟರ್: ಮೊಹರು ಓದುವ ಬಗೆ, ಜೊತೆ ಗುರುತಿಸುವ ಬಗೆ

ಹೋಲ್ಸ್ಟರ್, ಅಂದರೆ ಪಿಸ್ತೂಲು ಇಟ್ಟು ಬೆಲ್ಟಿಗೆ ಸಿಕ್ಕಿಸಿಕೊಳ್ಳುವ ಚರ್ಮದ ಒರೆ, ಕೈಗೆ ಬಂದ ದಿನ ಅದನ್ನು ಹಾಗೆಯೇ ಮೇಜಿನ ಮೇಲಿಟ್ಟು ನೋಡಿ. ಎಣ್ಣೆ ಬೇಡ, ಶೂ ಪಾಲಿಶ್ ಬೇಡ, ಒದ್ದೆ ಬಟ್ಟೆಯೂ ಬೇಡ. ಎಂಬತ್ತು, ನೂರು ವರ್ಷ ಕಳೆದ ಚರ್ಮದಲ್ಲಿ ಕಾರ್ಖಾನೆಯವರು ಒತ್ತಿದ ಮೊಹರು ಕೂದಲೆಳೆಯಷ್ಟು ಆಳದಲ್ಲಿ ಮಾತ್ರ ಉಳಿದಿರುತ್ತದೆ. ಒಂದು ಸಲ ಎಣ್ಣೆ ಕುಡಿದರೆ ಚರ್ಮ ಉಬ್ಬಿ ಅಕ್ಷರಗಳ ಅಂಚು ಮುಚ್ಚಿಹೋಗುತ್ತದೆ. ಹೋದ ಅಂಚನ್ನು ಮರಳಿ ತರಲು ಯಾರಿಂದಲೂ ಆಗದು.

ನಾನು ದಕ್ಷಿಣ ಜರ್ಮನಿಯ ಉಲ್ಮ್‌ನಲ್ಲಿ ಹಳೆಯ ಚರ್ಮದ ವಸ್ತುಗಳನ್ನು ಸಂರಕ್ಷಿಸುವ ಕೆಲಸ ಮಾಡುತ್ತೇನೆ. ಹೆಚ್ಚಾಗಿ ಬರುವುದು ಪುಸ್ತಕದ ರಟ್ಟು, ಕುದುರೆಯ ಜೀನು, ಪ್ರಯಾಣದ ಪೆಟ್ಟಿಗೆ. ಆದರೆ ಹಳೆಯ ಮನೆ ಖಾಲಿ ಮಾಡುವವರು ಅಟ್ಟದಿಂದ ಇಳಿಸುವ ವಸ್ತುಗಳಲ್ಲಿ ಪಿಸ್ತೂಲಿನ ಹೋಲ್ಸ್ಟರ್ ಕೂಡ ಆಗಾಗ ಇರುತ್ತದೆ. ಜರ್ಮನಿ, ಅಮೆರಿಕಗಳಲ್ಲಿ ನೆಲೆಸಿದ ಕನ್ನಡಿಗರಲ್ಲೂ ಈಗ ಹಳೆಯ ವಸ್ತುಗಳ ಸಂತೆಗೆ ಹೋಗುವ ಹವ್ಯಾಸ ಬೆಳೆದಿದೆ. ಕೊಂಡ ಮೇಲೆ ಫೋಟೊ ಕಳುಹಿಸಿ, "ಅಕ್ಕಾ, ಹೋಲ್ಸ್ಟರ್ ಮೇಲಿನ ಹದ್ದಿನ ಕೆಳಗೆ ಒಂದು ನಂಬರ್, ಪಿಸ್ತೂಲಿನ ಮೇಲೆ ಇನ್ನೊಂದು. ನಾನು ಮೋಸ ಹೋದೆನೇ?" ಎಂದು ಕೇಳುತ್ತಾರೆ. ಬಹುತೇಕ ಸಲ ಅವರು ಮೋಸ ಹೋಗಿರುವುದಿಲ್ಲ. ಯಾವುದು ಕೂಡಬೇಕು, ಯಾವುದು ಕೂಡಬೇಕಾಗಿಯೇ ಇಲ್ಲ ಎಂಬುದನ್ನು ಯಾರೂ ಅವರಿಗೆ ಹೇಳಿಕೊಟ್ಟಿರುವುದಿಲ್ಲ, ಅಷ್ಟೇ.

ಈ ಇಡೀ ಬರಹದಲ್ಲಿ ನಾನು ಒತ್ತಿ ಹೇಳುವ ಮಾತು ಇದು: ಇದ್ದ ಜೊತೆಯನ್ನು ಗುರುತಿಸಿ, ಇಲ್ಲದ ಜೊತೆಯನ್ನು ಹುಟ್ಟಿಸಬೇಡಿ. ಪಿಸ್ತೂಲು 1917ರದು, ಹೋಲ್ಸ್ಟರ್ 1916ರದು ಎಂದುಕೊಂಡು ಹೋಲ್ಸ್ಟರ್ ಮಾರಿ 1917ರದನ್ನು ತಂದು ಸೇರಿಸುವವರಿದ್ದಾರೆ. ಅವರು ನೂರು ವರ್ಷ ಒಟ್ಟಿಗಿದ್ದ ಎರಡು ವಸ್ತುಗಳನ್ನು ಬೇರ್ಪಡಿಸಿ, ಒಂದನ್ನೊಂದು ಎಂದೂ ನೋಡದ ಎರಡನ್ನು ಕಟ್ಟಿಹಾಕುತ್ತಾರೆ. ನನ್ನ ಕಣ್ಣಿಗೆ ಅದು ನಾಶವೇ.

ಯಾವ ಪಿಸ್ತೂಲಿನ ಹೋಲ್ಸ್ಟರ್?

ಸಂತೆಯಲ್ಲಿ ಹೆಚ್ಚಾಗಿ ಸಿಗುವುದು ಎರಡು ಬಗೆ. ಒಂದು ಲೂಗರ್ ಎಂದು ಜನ ಕರೆಯುವ ಪಿ 08ರದು. ಜರ್ಮನ್ ನೌಕಾಪಡೆ 1904ರಲ್ಲಿ, ಭೂಸೇನೆ 1908ರಲ್ಲಿ ಈ ಪಿಸ್ತೂಲನ್ನು ಒಪ್ಪಿಕೊಂಡವು. ಇನ್ನೊಂದು ಅದರ ಜಾಗಕ್ಕೆ ಬಂದ ವಾಲ್ಟರ್ ಕಂಪನಿಯ ಪಿ 38ರದು. ಪಿ 38 ದೊಡ್ಡ ಸಂಖ್ಯೆಯಲ್ಲಿ ತಯಾರಾಗತೊಡಗಿದ್ದು 1940ರಲ್ಲಿ. ಹೀಗಾಗಿ ಪಿ 38 ಎಂಬ ಮೊಹರಿನ ಪಕ್ಕದಲ್ಲಿ 1938 ಎಂಬ ವರ್ಷ ಕಂಡರೆ ಹಣ ಕೊಡುವ ಮುನ್ನ ನಿಲ್ಲಿ. ಪಿಸ್ತೂಲಿನ ಹೆಸರಿನಲ್ಲಿರುವ ಅಂಕಿಯನ್ನು ನೋಡಿ ನಕಲಿ ಮಾಡುವವನು ವರ್ಷ ಒತ್ತಿದಂತಿರುತ್ತದೆ.

ಪಿ 08ರ ಹೋಲ್ಸ್ಟರ್ ಗಟ್ಟಿ ಚರ್ಮದ್ದು. ಪಿಸ್ತೂಲಿನ ಹಿಂಭಾಗದಲ್ಲಿ ಮೇಲೆದ್ದು ಮಡಚುವ ಕೀಲು ಇರುವುದರಿಂದ ಮುಚ್ಚಳ ಅಲ್ಲಿ ಉಬ್ಬಿಕೊಂಡಿರುತ್ತದೆ. ಮುಂಭಾಗದ ಅಂಚಿನಲ್ಲಿ ಹೆಚ್ಚುವರಿ ಮ್ಯಾಗಜೀನಿಗೆ, ಅಂದರೆ ಗುಂಡು ತುಂಬುವ ಡಬ್ಬಿಗೆ, ಪುಟ್ಟ ಚೀಲ. ಒಳಗೆ ಪಿಸ್ತೂಲಿನ ಅಡಿಯಿಂದ ಹಾದುಹೋಗುವ ಒಂದು ಚರ್ಮದ ಪಟ್ಟಿ ಇದೆ. ಅದನ್ನು ಎಳೆದರೆ ಪಿಸ್ತೂಲು ಮೇಲೆದ್ದು ಕೈಗೆ ಬರುತ್ತದೆ. ಮುಚ್ಚಳದ ಒಳಮೈಗೆ ಹೊಲಿದ ಇನ್ನೊಂದು ಚಿಕ್ಕ ಜೇಬಿದೆ, ಸ್ಕ್ರೂ ತಿರುಗಿಸಲು, ಗುಂಡು ತುಂಬಲು ಬಳಸುವ ಉಕ್ಕಿನ ಉಪಕರಣಕ್ಕೆ. ಈ ಜೇಬು ಇದ್ದರೆ ಅದು ಪಿ 08ರ ಹೋಲ್ಸ್ಟರ್ ಎಂದು ಧೈರ್ಯವಾಗಿ ಹೇಳಬಹುದು. ಪಿ 38ಕ್ಕೆ ಅಂಥ ಉಪಕರಣವನ್ನು ಕೊಡುತ್ತಿರಲಿಲ್ಲ, ಅದರ ಹೋಲ್ಸ್ಟರಿನಲ್ಲಿ ಆ ಜೇಬು ಇರುವುದಿಲ್ಲ.

ಚಿಕ್ಕ ಪಿಸ್ತೂಲುಗಳ, ಅಂದರೆ ವಾಲ್ಟರ್ ಪಿಪಿ, ಮೌಸರ್ ಎಚ್‌ಎಸ್‌ಸಿ, ಸೌವರ್ 38 ಮುಂತಾದವುಗಳ ಹೋಲ್ಸ್ಟರುಗಳಲ್ಲಿ ಮೊಹರೇ ಇಲ್ಲದವು ಬಹಳ. ಅವುಗಳಲ್ಲಿ ಅಳತೆ ಮತ್ತು ಒಳಗಿನ ಅಚ್ಚು ನೋಡಿ ನಿರ್ಧರಿಸಬೇಕು.

ಕಾನೂನಿನ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಹೋಲ್ಸ್ಟರ್ ಬರಿಯ ಚರ್ಮ, ಪಿಸ್ತೂಲು ಹಾಗಲ್ಲ. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ, ಜರ್ಮನಿಯಲ್ಲಿ ಅಲ್ಲಿನ ಪರವಾನಗಿ ನಿಯಮ, ಎರಡೂ ಕಟ್ಟುನಿಟ್ಟು. ನನ್ನ ಬಳಿ ಪಿಸ್ತೂಲು ಇಲ್ಲ, ಬೇಕಾಗಿಯೂ ಇಲ್ಲ. ಪರವಾನಗಿ ಇರುವವರು ತಮ್ಮ ಪಿಸ್ತೂಲಿನ ಗುರುತುಗಳ ಫೋಟೊ ಕಳುಹಿಸುತ್ತಾರೆ, ನಾನು ಚರ್ಮವನ್ನು ನೋಡುತ್ತೇನೆ. ಜರ್ಮನಿಯಲ್ಲಿ ಸ್ವಸ್ತಿಕವನ್ನು ಸಾರ್ವಜನಿಕವಾಗಿ ಪ್ರದರ್ಶಿಸುವಂತಿಲ್ಲವಾದ್ದರಿಂದ ಸಂತೆಯ ವ್ಯಾಪಾರಿಗಳು ಅದರ ಮೇಲೆ ಸ್ಟಿಕರ್ ಅಂಟಿಸಿರುತ್ತಾರೆ. ಸ್ಟಿಕರ್ ಕಿತ್ತಾಗ ಒಣಗಿದ ಚರ್ಮದ ಮೇಲ್ಪದರವೂ ಕಿತ್ತು ಬರಬಹುದು. ಕೊಂಡ ಮೇಲೆ ಹಾಗೆಯೇ ಎಳೆಯಬೇಡಿ. ಹೇರ್ ಡ್ರೈಯರಿನ ಹದವಾದ ಬಿಸಿ ಗಾಳಿಯನ್ನು ದೂರದಿಂದ ಹಿಡಿದು, ಅಂಟು ಮೆತ್ತಗಾದ ಮೇಲೆ ಅಂಚಿನಿಂದ ನಿಧಾನವಾಗಿ ಸುರುಳಿ ಸುತ್ತಿದಂತೆ ಬಿಡಿಸಿ.

ಮೊಹರು ಓದುವುದು

ಕತ್ತಲು ಮಾಡಿಕೊಂಡ ಕೋಣೆ, ಒಂದು ಟಾರ್ಚ್, ಒಂದು ಭೂತಗನ್ನಡಿ ಸಾಕು. ಟಾರ್ಚನ್ನು ಮೇಲಿನಿಂದ ಬಿಡಬೇಡಿ. ಚರ್ಮದ ಮಟ್ಟಕ್ಕೆ ತಂದು, ಪಕ್ಕದಿಂದ ಬೆಳಕು ಜಾರಿಹೋಗುವ ಹಾಗೆ ಹಿಡಿದು ನಿಧಾನವಾಗಿ ಸುತ್ತ ತಿರುಗಿಸಿ. ಎದುರು ಬೆಳಕಿನಲ್ಲಿ ಏನೂ ಇಲ್ಲದಂತಿದ್ದ ಜಾಗದಲ್ಲಿ ಅಕ್ಷರಗಳು ನೆರಳಾಗಿ ಮೇಲೆ ಬರುತ್ತವೆ. ಪ್ರತಿ ಕೋನದಲ್ಲೂ ಒಂದು ಫೋಟೊ ತೆಗೆಯಿರಿ, ಏಕೆಂದರೆ ಒಂದು ಕೋನಕ್ಕೆ ವರ್ಷ ಕಂಡರೆ ಇನ್ನೊಂದಕ್ಕೆ ಊರಿನ ಹೆಸರು ಕಾಣುತ್ತದೆ. ಕಾಗದವಿಟ್ಟು ಪೆನ್ಸಿಲ್ ಉಜ್ಜುವ ವಿಧಾನ ಕಲ್ಲಿನ ಶಾಸನಕ್ಕೆ ಸರಿ, ಪುಡಿಯಾಗುವ ಚರ್ಮಕ್ಕೆ ಬೇಡ.

ಎಲ್ಲಿ ಹುಡುಕಬೇಕು? ಮೊದಲ ಮಹಾಯುದ್ಧದ ಕಾಲದವುಗಳಲ್ಲಿ ಮುಚ್ಚಳದ ಒಳಮೈ ನೋಡಿ. ಕುಶಲಕರ್ಮಿಯ ಹೆಸರು, ಊರು, ವರ್ಷ ಅಲ್ಲಿರುತ್ತವೆ. ಜೊತೆಗೆ 'ಬಿ.ಎ.' ಎಂಬ ಅಕ್ಷರಗಳು ಮತ್ತು ರೋಮನ್ ಅಂಕಿ ಇರಬಹುದು. ಇದು ಆಯಾ ಸೇನಾ ಕೋರಿನ, ಅಂದರೆ ಸೇನೆಯ ದೊಡ್ಡ ವಿಭಾಗದ, ಉಡುಪು ಉಗ್ರಾಣದ ಮೊಹರು. ರೋಮನ್ ಅಂಕಿ 11 ಇದ್ದರೆ ಅದು ಕಾಸೆಲ್ ಕೇಂದ್ರವಾಗಿದ್ದ 11ನೇ ಕೋರಿನ ಉಗ್ರಾಣಕ್ಕೆ ಸೇರಿದ ಮಾಲು. ಎರಡನೇ ಮಹಾಯುದ್ಧದ ಕಾಲದವುಗಳಲ್ಲಿ ಹಿಂಬದಿ ನೋಡಿ, ಬೆಲ್ಟ್ ಹಾಯುವ ಕುಣಿಕೆಗಳ ಆಸುಪಾಸು. ಅಲ್ಲಿ ತಯಾರಕರ ಹೆಸರು ಅಥವಾ ಸಂಕೇತ, ವರ್ಷ, ಒಂದು ಪುಟ್ಟ ಹದ್ದು, ಅದರಡಿಯಲ್ಲಿ ಶಸ್ತ್ರಾಸ್ತ್ರ ಕಚೇರಿಯ ತನಿಖಾಧಿಕಾರಿಯ ಅಂಕಿ, ಮತ್ತು ಪಿ 08 ಅಥವಾ ಪಿ 38 ಎಂಬ ಒತ್ತು ಇರುತ್ತವೆ.

ತಯಾರಕರ ಹೆಸರು 1940ರ ಸುಮಾರಿನವರೆಗೆ ಪೂರ್ತಿಯಾಗಿ ಇರುತ್ತಿತ್ತು. ಆಮೇಲೆ ಶತ್ರುಗಳಿಗೆ ಕಾರ್ಖಾನೆ ಗೊತ್ತಾಗದಿರಲೆಂದು ಮೂರಕ್ಷರದ ಸಂಕೇತಗಳು ಬಂದವು. 'ಬಿಎಂಎಲ್' ಎಂದರೆ ನೋಯ್-ಉಲ್ಮ್‌ನ ಹಾನ್ಸ್ ರೋಮರ್. 'ಬಿಎಲ್‌ಎ' ಬೌಟ್ಸೆನ್‌ನ ಲಾಯ್ನರ್. 'ಜೆಎಸ್‌ಡಿ' ಬರ್ಲಿನ್‌ನ ಗುಸ್ಟಾಫ್ ರೈನ್‌ಹಾರ್ಟ್. ಯುದ್ಧದ ಕೊನೆಯ ವರ್ಷಗಳಲ್ಲಿ ಅದೂ ಹೋಗಿ, ಸೊನ್ನೆಯಿಂದ ಶುರುವಾಗಿ ಓರೆಗೆರೆಗಳಿಂದ ಭಾಗವಾದ ಉದ್ದನೆಯ ಕಾರ್ಖಾನೆ ಸಂಖ್ಯೆ ಬಂತು. ಹೀಗೆ ಗುರುತಿನ ಶೈಲಿಯೇ ಕಾಲವನ್ನು ಹೇಳುತ್ತದೆ: ವರ್ಷ ಅಳಿಸಿಹೋಗಿದ್ದರೂ ಪೂರ್ತಿ ಹೆಸರಿದ್ದರೆ ಯುದ್ಧದ ಆರಂಭ ಅಥವಾ ಅದಕ್ಕೂ ಮುಂಚೆ, ಮೂರಕ್ಷರವಿದ್ದರೆ ನಡುಗಾಲ, ಉದ್ದನೆಯ ಸಂಖ್ಯೆಯಿದ್ದರೆ ಕೊನೆಗಾಲ.

ಈಗ ಆ ಹದ್ದಿನ ಕೆಳಗಿನ ನಂಬರಿಗೆ ಬರೋಣ. ಅದು ತನಿಖಾಧಿಕಾರಿಯ ಅಥವಾ ಅವನ ತಂಡದ ಸಂಖ್ಯೆ. ಪಿಸ್ತೂಲನ್ನು ತನಿಖೆ ಮಾಡಿದ ತಂಡ ಪಿಸ್ತೂಲು ಕಾರ್ಖಾನೆಯಲ್ಲಿ ಕುಳಿತಿರುತ್ತಿತ್ತು. ಓಬರ್ನ್‌ಡಾರ್ಫ್‌ನ ಮೌಸರ್ ಕಾರ್ಖಾನೆಯ ಪಿ 08ಗಳ ಮೇಲೆ 1930ರ ದಶಕದ ಕೊನೆಗೆ 63, ಅನಂತರ 655, 1942ರಲ್ಲಿ 135 ಕಾಣುತ್ತದೆ. ವಾಲ್ಟರ್‌ನ ಪಿ 38ರ ಮೇಲೆ 359, ಸ್ಪ್ರೇವೆರ್ಕ್ ಕಂಪನಿಯವುಗಳ ಮೇಲೆ 88. ಚರ್ಮದ ಕಾರ್ಖಾನೆಗೆ ಹೋಗುತ್ತಿದ್ದ ತನಿಖಾ ತಂಡವೇ ಬೇರೆ. ಅದಕ್ಕೇ ಹೋಲ್ಸ್ಟರ್ ಮೇಲಿನ ಅಂಕಿ ಪಿಸ್ತೂಲಿನ ಅಂಕಿಗೆ ಕೂಡಬೇಕಾಗಿಲ್ಲ, ಕೂಡುವುದೂ ಅಪರೂಪ. ಎರಡರ ಮೇಲೂ ಒಂದೇ ಅಂಕಿ, ಒಂದೇ ಅಚ್ಚಿನಲ್ಲಿ ಒತ್ತಿದ್ದರೆ ನನಗೆ ಸಂತೋಷಕ್ಕಿಂತ ಅನುಮಾನ ಮೊದಲು ಬರುತ್ತದೆ.

ಹೋಲ್ಸ್ಟರ್ ಮೇಲೆ ಪಿಸ್ತೂಲಿನ ನಂಬರ್ ಒತ್ತುವ ಪದ್ಧತಿ ಸಾಮಾನ್ಯವಾಗಿ ಇರಲಿಲ್ಲ. ಯಾರೋ ಶಾಯಿಯಲ್ಲಿ ಬರೆದಿಟ್ಟಿದ್ದರೆ ಅದು ಅದೃಷ್ಟ. ಹಾಗಾದರೆ ನಂಬರಿನಿಂದ ಕೂಡಬೇಕಾದದ್ದು ಯಾವುದು?

ನಂಬರ್ ಕೂಡಬೇಕಾದವು

ಮ್ಯಾಗಜೀನ್. ಭೂಸೇನೆಯ ಪಿ 08ಕ್ಕೆ ಎರಡು ಮ್ಯಾಗಜೀನ್ ಕೊಡುತ್ತಿದ್ದರು, ಒಂದೊಂದರಲ್ಲಿ 8 ಗುಂಡು. ಒಂದು ಪಿಸ್ತೂಲಿನೊಳಗೆ, ಇನ್ನೊಂದು ಹೋಲ್ಸ್ಟರಿನ ಚೀಲದಲ್ಲಿ. ಎರಡರ ತಳದ ಮೇಲೂ ಪಿಸ್ತೂಲಿನ ನಂಬರ್ ಮತ್ತು ಅದರ ಜೊತೆಯ ಚಿಕ್ಕ ಅಕ್ಷರವನ್ನು ಒತ್ತುತ್ತಿದ್ದರು. ಚೀಲದಲ್ಲಿರಬೇಕಾದ ಎರಡನೆಯದಕ್ಕೆ ಮಾತ್ರ ಹೆಚ್ಚಿಗೆ ಒಂದು ಕೂಡು ಚಿಹ್ನೆ. ಆ ಪುಟ್ಟ ಶಿಲುಬೆಯಂಥ ಗುರುತು ಎಷ್ಟೋ ಜನರ ಕಣ್ಣಿಗೆ ಬೀಳುವುದೇ ಇಲ್ಲ. ಪೊಲೀಸರ ಪದ್ಧತಿ ಬೇರೆ, ಅವರು 1 ಮತ್ತು 2 ಎಂದು ಅಂಕಿ ಹಾಕುತ್ತಿದ್ದರು. ಹೀಗಾಗಿ ಕೂಡು ಚಿಹ್ನೆ ಇರುವ ಮ್ಯಾಗಜೀನ್ ಸೇನೆಯ ಕಡೆಗೆ, 1–2 ಇರುವುದು ಪೊಲೀಸರ ಕಡೆಗೆ ಬೊಟ್ಟು ಮಾಡುತ್ತದೆ.

ನಂಬರ್ ಕೂಡಿತು ಎಂದು ಕುಣಿಯುವ ಮೊದಲು ಒಂದು ವಿಷಯ ತಿಳಿದಿರಲಿ. ಜರ್ಮನ್ ಚಕ್ರವರ್ತಿಯ ಕಾಲದಲ್ಲಿ, ಅಂದರೆ 1918ರವರೆಗೆ, ಡಿಡಬ್ಲ್ಯೂಎಂ ಮತ್ತು ಎರ್ಫುರ್ಟ್ ಎಂಬ ಎರಡು ಕಾರ್ಖಾನೆಗಳು ಪ್ರತಿ ವರ್ಷ 1ರಿಂದ ಎಣಿಕೆ ಶುರುಮಾಡುತ್ತಿದ್ದವು. 10,000 ತಲುಪಿದಾಗ ಮತ್ತೆ 1, ಪಕ್ಕದಲ್ಲಿ 'ಎ' ಅಕ್ಷರ. ಅದು ಮುಗಿದರೆ 'ಬಿ'. ಅಂದರೆ 4827 ಎಂಬ ನಂಬರಿನ ಪಿಸ್ತೂಲು ಒಂದಲ್ಲ, ಹಲವು ಇವೆ. ಅಕ್ಷರವೂ ಕೂಡಬೇಕು. ಅಕ್ಷರ ಕೂಡಿದರೂ ಮ್ಯಾಗಜೀನಿನ ಬಗೆ ಆ ಕಾಲದ್ದೇ ಇರಬೇಕು. 1917ರ ಪಿಸ್ತೂಲಿಗೆ ಅಲ್ಯೂಮಿನಿಯಂ ತಳದ ಮ್ಯಾಗಜೀನ್ ನಂಬರ್ ಸಮೇತ ಕೂಡಿತು ಎಂದು ಯಾರಾದರೂ ತೋರಿಸಿದರೆ ಅದು ಬೇರೆ ಪಿಸ್ತೂಲಿನದು, ಇಲ್ಲವೇ ಇತ್ತೀಚೆಗೆ ಒತ್ತಿದ್ದು.

ತಳದ ವಸ್ತು ಹೀಗೆ ಬದಲಾಯಿತು. ಮೊದಲ ಯುದ್ಧದ ಕಾಲದಲ್ಲಿ ಮರ, ಎರಡೂ ಬದಿಯಲ್ಲಿ ಬೆರಳಿಗೆ ಹಿಡಿತ ಸಿಗಲೆಂದು ಒಂದರೊಳಗೊಂದು ಕೊರೆದ ವೃತ್ತಗಳು. 1930ರ ದಶಕದಲ್ಲಿ ಅಲ್ಯೂಮಿನಿಯಂ. ಯುದ್ಧದ ನಡುವೆ ಕಪ್ಪು ಪ್ಲಾಸ್ಟಿಕ್. ಆ ಕಾಲದ ಮ್ಯಾಗಜೀನುಗಳ ಲೋಹದ ಬೆನ್ನಿನ ಮೇಲೆ 'ಎಫ್‌ಎಕ್ಸ್‌ಒ' ಎಂಬ ಸಂಕೇತ ಇರುತ್ತದೆ, ಅದು ಸೂಲ್ ಪಟ್ಟಣದ ಹೇನೆಲ್ ಕಾರ್ಖಾನೆಯದು. ಪ್ಲಾಸ್ಟಿಕ್ ತಳದವುಗಳಲ್ಲಿ ನಂಬರ್ ಇಲ್ಲದಿರುವುದೇ ಸಾಮಾನ್ಯ. ಅದನ್ನು ಕೊರತೆ ಎಂದುಕೊಳ್ಳಬೇಡಿ. ಅದಕ್ಕೆ ನಂಬರ್ ಒತ್ತಿಸಿಕೊಂಡು ಬರುವ ಉತ್ಸಾಹಿಗಳನ್ನು ನಾನು ಕೈಮುಗಿದು ತಡೆದಿದ್ದೇನೆ.

ಉಪಕರಣಕ್ಕೆ ನಂಬರ್ ಹುಡುಕಬೇಡಿ, ತನಿಖೆಯ ಗುರುತು ಹುಡುಕಿ. ಅದು ಬಾಗಿದ ಚಪ್ಪಟೆ ಉಕ್ಕಿನ ತುಂಡು. ಅದರ ತುದಿ ಸ್ಕ್ರೂಡ್ರೈವರ್. ಮೈಯಲ್ಲಿ ಒಂದು ತೂತಿದೆ. ಮ್ಯಾಗಜೀನಿನ ಪಕ್ಕದ ಗುಂಡಿಯನ್ನು ಆ ತೂತಿಗೆ ಸಿಕ್ಕಿಸಿ ಕೆಳಕ್ಕೆ ಒತ್ತಿದರೆ ಬಿಗಿಯಾದ ಸ್ಪ್ರಿಂಗ್ ಸಡಿಲಗೊಂಡು ಗುಂಡು ತುಂಬುವುದು ಸುಲಭ. ಮೊದಲ ಯುದ್ಧದ ಕಾಲದ್ದಾದರೆ ಕಿರೀಟ, ಅದರಡಿ ಒಂದು ಅಕ್ಷರ. ಮೌಸರ್ ಕಾಲದ್ದಾದರೆ ಹದ್ದು, ಅದರಡಿ 63 ಅಥವಾ 655ರಂಥ ಅಂಕಿ. ಇಲ್ಲಿ ಅಂಕಿ ಪಿಸ್ತೂಲಿನದಕ್ಕೆ ಕೂಡಿದರೆ ಅದಕ್ಕೆ ಅರ್ಥವಿದೆ, ಏಕೆಂದರೆ ಉಪಕರಣ ಪಿಸ್ತೂಲಿನ ಜೊತೆ ಅದೇ ತನಿಖೆಯ ಕೈಗಳಿಂದ ಹಾದುಬಂದದ್ದು. ಸಂತೆಯಲ್ಲಿ ಈ ಉಪಕರಣದ ಹೊಸ ನಕಲುಗಳು ಧಾರಾಳ. ಮೂಲದ್ದರ ಅಂಚುಗಳಲ್ಲಿ ಅರದ ಗೆರೆ ಕಾಣುತ್ತದೆ, ಗುರುತು ಒತ್ತಿದಾಗ ಸುತ್ತಲಿನ ಲೋಹ ತುಸು ಎದ್ದಿರುತ್ತದೆ. ಅಚ್ಚಿನಲ್ಲಿ ಎರಕ ಹೊಯ್ದ ನಕಲಿನಲ್ಲಿ ಗುರುತಿನ ಅಂಚು ಕರಗಿದಂತೆ ದುಂಡಗಿರುತ್ತದೆ.

ಮೊದಲ ಯುದ್ಧದ ವಿಶೇಷ ಬಗೆಗಳಲ್ಲಿ ನಂಬರಿನ ಲೆಕ್ಕ ಇನ್ನೂ ಬಿಗಿ. 1913ರಲ್ಲಿ ಒಪ್ಪಿಗೆಯಾದ, 200 ಮಿಲಿಮೀಟರ್ ನಳಿಗೆಯ ಫಿರಂಗಿ ದಳದ ಲೂಗರಿಗೆ ಹೋಲ್ಸ್ಟರ್, ಭುಜಕ್ಕೆ ಒತ್ತಿ ಹಿಡಿಯುವ ಮರದ ಹಲಗೆ ದಂಡ, ಭುಜದ ಪಟ್ಟಿ ಎಲ್ಲ ಸೇರಿ ಒಂದು ಜೋಡಣೆ. ಹಲಗೆಯ ತುದಿಯ ಕಬ್ಬಿಣದ ಮೇಲೆ ಪಿಸ್ತೂಲಿನ ನಂಬರ್ ಇರಬೇಕು. ಮೌಸರ್ ಸಿ 96 ಎಂಬ ಇನ್ನೊಂದು ಪಿಸ್ತೂಲಿನಲ್ಲಿ ಮರದ ದಂಡವೇ ಹೋಲ್ಸ್ಟರ್; 1916ರಲ್ಲಿ ಪ್ರಷ್ಯನ್ ಸೇನೆ 9 ಮಿಲಿಮೀಟರ್ ಗುಂಡಿನದಾಗಿ ಬೇಡಿಕೆ ಇಟ್ಟ ಬಗೆಯ ಹಿಡಿಕೆಯ ಮೇಲೆ ಕೆಂಪು 9 ಇರುತ್ತದೆ. ಇವುಗಳಲ್ಲಿ ನಂಬರ್ ಕೂಡದಿದ್ದರೆ ಬೆಲೆಯಲ್ಲಿ ದೊಡ್ಡ ಅಂತರ ಬರುತ್ತದೆ. ಅದಕ್ಕೆ ಇಲ್ಲಿ ನಕಲಿ ಒತ್ತೂ ಹೆಚ್ಚು.

ರೆಜಿಮೆಂಟಿನ ಗುರುತನ್ನೂ ಓದಲು ಕಲಿಯಿರಿ. ಚಕ್ರವರ್ತಿಯ ಕಾಲದ ಪಿ 08ರ ಹಿಡಿಕೆಯ ಮುಂಬದಿಯಲ್ಲಿ "20. ಆರ್. 5. 107." ಎಂಬ ಬಗೆಯ ಸಾಲು ಇದ್ದರೆ 20ನೇ ಪದಾತಿ ರೆಜಿಮೆಂಟ್, 5ನೇ ಕಂಪನಿ, 107ನೇ ಆಯುಧ ಎಂದರ್ಥ. ಮುಂದೆ 'ಬಿ' ಇದ್ದರೆ ಬವೇರಿಯದ್ದು. ಹೋಲ್ಸ್ಟರಿನ ಮೇಲೂ ಅದೇ ರೆಜಿಮೆಂಟಿನ ಗುರುತು ಸಿಕ್ಕರೆ, ವರ್ಷಗಳು ಬೇರೆಯಾಗಿದ್ದರೂ ಅದು ನಿಜವಾದ ಜೊತೆ. ನನ್ನ ಲೆಕ್ಕದಲ್ಲಿ ಒಂದೇ ವರ್ಷದ ಹತ್ತು ಮೊಹರಿಗಿಂತ ಒಂದೇ ರೆಜಿಮೆಂಟಿನ ಒಂದು ಗುರುತು ಹೆಚ್ಚು. ನೌಕಾಪಡೆಯದ್ದಾದರೆ ಹದ್ದಿನಡಿ 'ಎಂ', ಮತ್ತು ಬಾಲ್ಟಿಕ್ ಸಮುದ್ರದ ಪಡೆಗೆ 'ಓ', ಉತ್ತರ ಸಮುದ್ರದ ಪಡೆಗೆ 'ಎನ್' ಎಂದು ಶುರುವಾಗುವ ಸಂಖ್ಯೆ. ವಾಯುಪಡೆಯದ್ದಾದರೆ 'ಎಲ್.ಬಿ.ಎ.' ಎಂಬ ಉಗ್ರಾಣದ ಮೊಹರು, ಚರ್ಮ ಹೆಚ್ಚಾಗಿ ಕಂದು.

ಚರ್ಮ ಹೇಳುವ ಸಾಕ್ಷಿ

ಮೊಹರನ್ನು ನಾಳೆ ಯಾರೂ ಒತ್ತಬಹುದು. ದಶಕಗಳ ಕಾಲ ಒಳಗೆ ಕುಳಿತ ಉಕ್ಕು ಚರ್ಮದಲ್ಲಿ ಮೂಡಿಸಿದ ಅಚ್ಚನ್ನು ಹಾಗೆ ಹುಟ್ಟಿಸಲಾಗದು. ಹಳೆಯ ಚಪ್ಪಲಿಯೊಳಗೆ ಪಾದದ ಬೆರಳುಗಳ ಗುರುತು ಕೂರುವ ಹಾಗೆ ಹೋಲ್ಸ್ಟರಿನೊಳಗೆ ಅದರ ಪಿಸ್ತೂಲಿನ ಗುರುತು ಕೂತಿರುತ್ತದೆ. ಪಿ 08ರ ಕೀಲಿನ ಎರಡು ದುಂಡು ಗುಬ್ಬಿಗಳು ಒಳಮೈಯಲ್ಲಿ ದುಂಡು ಹೊಳಪು ಬಿಡುತ್ತವೆ. ಅದೇ ಹೋಲ್ಸ್ಟರಿನಲ್ಲಿ ಪಿ 38 ಬಹಳ ಕಾಲ ಇದ್ದಿದ್ದರೆ, ಅದರ ಹೊರಗೆ ಚಾಚಿದ ಕುದುರೆ (ಗುಂಡು ಸಿಡಿಸಲು ಪೆಟ್ಟು ಕೊಡುವ ಭಾಗ) ಮುಚ್ಚಳದ ಒಳಗೆ ಬೇರೆಯೇ ಜಾಗದಲ್ಲಿ ತಗ್ಗು ಮಾಡಿರುತ್ತದೆ. ಯುದ್ಧದ ಕೊನೆಯಲ್ಲಿ ಸೈನಿಕರು ಸಿಕ್ಕ ಹೋಲ್ಸ್ಟರಿನಲ್ಲಿ ಸಿಕ್ಕ ಪಿಸ್ತೂಲು ಇಟ್ಟುಕೊಂಡದ್ದು ಸಹಜ, ಅದೂ ಒಂದು ನಿಜವಾದ ಚರಿತ್ರೆಯೇ.

ಒಂದನ್ನು ಹತ್ತಿರದಿಂದ ತೋರಿಸುತ್ತೇನೆ. ನನ್ನ ಮನೆಯಿಂದ ಡ್ಯಾನ್ಯೂಬ್ ಸೇತುವೆ ದಾಟಿದರೆ ನೋಯ್-ಉಲ್ಮ್. ಅಲ್ಲಿಯೇ ತಯಾರಾದ ಒಂದು ಕಪ್ಪು ಹೋಲ್ಸ್ಟರನ್ನು ಒಂದು ಕುಟುಂಬ ತಂದುಕೊಟ್ಟಿತು. ಹಿಂಬದಿಯಲ್ಲಿ ಹಾನ್ಸ್ ರೋಮರ್, ನೋಯ್-ಉಲ್ಮ್, 1939, ಪಕ್ಕದಲ್ಲಿ ಹದ್ದು, ಕೆಳಗೆ ಪಿ 08. ಪಿಸ್ತೂಲು ಪರವಾನಗಿ ಇದ್ದ ಅಳಿಯನ ಬಳಿ ಇತ್ತು. ಅವರು ಕಳುಹಿಸಿದ ಫೋಟೊದಲ್ಲಿ ಕೀಲಿನ ಮೇಲೆ 42, ನಳಿಗೆಯ ಹಿಂದಿನ ಕೋಣೆಯ ಮೇಲೆ 1940, ಬದಿಯಲ್ಲಿ ಹದ್ದು ಮತ್ತು 655. ಅಂದರೆ ಮೌಸರ್. ಮುಚ್ಚಳದ ಜೇಬಿನಿಂದ ಉಪಕರಣ ಸುಲಭವಾಗಿ ಬರಲಿಲ್ಲ. ಮರದ ಚಪ್ಪಟೆ ಕಡ್ಡಿಯನ್ನು ಎರಡೂ ಬದಿಯಿಂದ ಸ್ವಲ್ಪ ಸ್ವಲ್ಪವೇ ತೂರಿಸಿ ಬಿಡಿಸಿದಾಗ, ಜೇಬಿನ ಒಳಗೋಡೆಯಲ್ಲಿ ಅದೇ ಬಾಗಿನ ತುಕ್ಕಿನ ಚಿತ್ರ ಇತ್ತು, ನಡುವಿನ ತೂತಿನ ಜಾಗ ಮಾತ್ರ ತಿಳಿ ಕಂದು. ಉಪಕರಣದ ಮೇಲೂ 655. ಒಂದು ಮ್ಯಾಗಜೀನಿಗೆ ಅಲ್ಯೂಮಿನಿಯಂ ತಳ, ನಂಬರ್ ಮತ್ತು ಅಕ್ಷರ ಎರಡೂ ಪಿಸ್ತೂಲಿನವೇ. ಚೀಲದಲ್ಲಿದ್ದ ಇನ್ನೊಂದಕ್ಕೆ ಮರದ ತಳ, ಮೊದಲ ಯುದ್ಧದ್ದು, ಬೇರೆ ನಂಬರ್.

ಕುಟುಂಬದವರಿಗೆ ಆ ಮರದ ತಳದ್ದನ್ನು ತೆಗೆದು ಅಲ್ಯೂಮಿನಿಯಂನದನ್ನು ಕೊಳ್ಳುವ ಆಸೆ. ನಾನು ಚೀಲದ ಮುಚ್ಚಳವನ್ನು ಬೆಳಕಿಗೆ ಹಿಡಿದು ತೋರಿಸಿದೆ. ಮರದ ತಳದ ಒಂದು ಮೂಲೆ ಚರ್ಮಕ್ಕೆ ಉಜ್ಜಿ ನುಣುಪಾಗಿತ್ತು, ಮುಚ್ಚಳದ ಒಳಗೆ ಅಷ್ಟೇ ಅಗಲದ ನುಣುಪು ಅದರ ಎದುರಿಗೇ ಇತ್ತು. ಮೂಲ ಮ್ಯಾಗಜೀನ್ ಎಲ್ಲೋ ಕಳೆದು, ಹಳೆಯ ದಾಸ್ತಾನಿನಿಂದ ಇದು ಬಂದು, ಇಲ್ಲಿಯೇ ಬಹಳ ಕಾಲ ಉಳಿದಿದೆ. "ಹಾಗಾದರೆ ಇದು ಇಲ್ಲಿಯದೇ" ಎಂದರು ಆ ಮನೆಯ ಹಿರಿಯರು. ಹೌದು, ಇಲ್ಲಿಯದೇ. ಅದು ಈಗಲೂ ಆ ಚೀಲದಲ್ಲೇ ಇದೆ.

ಬಣ್ಣವನ್ನೂ ಹೀಗೆಯೇ ಓದಬೇಕು. 1915ರಲ್ಲಿ ಜರ್ಮನ್ ಸೇನೆ ಚರ್ಮದ ಸಾಮಗ್ರಿಯನ್ನು ಕಪ್ಪಾಗಿಸುವ ಆದೇಶ ಹೊರಡಿಸಿತು. ಹಾಗಾಗಿ 1913ರ ಹೋಲ್ಸ್ಟರ್ ಕಪ್ಪಗಿದ್ದರೆ ಗಾಬರಿ ಬೇಡ. ಬೆಲ್ಟ್ ಕುಣಿಕೆಯ ಒಳಗೆ, ಬಕಲ್‌ನ ಅಡಿಯಲ್ಲಿ, ಹೊಲಿಗೆಯ ಮಡಿಕೆಯಲ್ಲಿ ಮೂಲದ ಕಂದು ಉಳಿದಿದೆಯೇ ನೋಡಿ. ಉಳಿದಿದ್ದರೆ ಆ ಆದೇಶ ಜಾರಿಯಾದದ್ದನ್ನೇ ನೀವು ಕಣ್ಣಾರೆ ನೋಡುತ್ತಿದ್ದೀರಿ. ಆದರೆ ಕಪ್ಪು ಬಣ್ಣ ಮೊಹರಿನ ತಳದಲ್ಲಿ ಇಲ್ಲದೆ, ಅಕ್ಷರದ ಒಳಗೆ ತಾಜಾ ಕಂದು ಚರ್ಮ ಕಂಡರೆ ಬಣ್ಣ ಒಣಗಿ ಎಷ್ಟೋ ಕಾಲದ ಮೇಲೆ ಮೊಹರು ಒತ್ತಿದ್ದಾರೆ. ನಾಜಿಗಳ ಎಸ್‌ಎಸ್ ದಳದ ಮಿಂಚಿನ ಗುರುತನ್ನು ಹೀಗೆ ಒತ್ತಿ ಮಾರುವುದು ಹಳೆಯ ದಂಧೆ. ಅದನ್ನು ನಂಬಿ ಹೆಚ್ಚು ಹಣ ಕೊಡಬೇಡಿ; ಆ ಗುರುತಿಗಾಗಿಯೇ ಹಾತೊರೆಯುವ ಕೊಳ್ಳುಗರ ಸಹವಾಸವೂ ನನಗೆ ಇಷ್ಟವಿಲ್ಲ.

ಹೊಲಿಗೆಗೆ ನೇರಳಾತೀತ ಬೆಳಕಿನ ಪುಟ್ಟ ಟಾರ್ಚ್ ಹಿಡಿಯಿರಿ, ನೋಟು ಪರೀಕ್ಷಿಸುವ ಅಗ್ಗದ್ದೂ ಸಾಕು. ಇತ್ತೀಚಿನ ಸಿಂಥೆಟಿಕ್ ದಾರ ನೀಲಿಯಾಗಿ ಹೊಳೆಯುತ್ತದೆ, ಹಳೆಯ ನಾರಿನ ದಾರ ಮಂಕಾಗಿರುತ್ತದೆ. ಒಂದೇ ಕಡೆ ಹೊಳೆದರೆ ದುರಸ್ತಿ, ಎಲ್ಲೆಡೆ ಹೊಳೆದರೆ ನಕಲಿ. ಹಿತ್ತಾಳೆಯ ರಿವೆಟ್ ಸುತ್ತ ಮೇಣದಂಥ ಹಸಿರು ಕಿಟ್ಟ ಕಟ್ಟಿರುವುದು ಒಳ್ಳೆಯ ಲಕ್ಷಣ; ಚರ್ಮದಲ್ಲಿನ ಕೊಬ್ಬು ತಾಮ್ರದ ಜೊತೆ ನಿಧಾನವಾಗಿ ಸೇರಿ ಅದು ಹುಟ್ಟುತ್ತದೆ. ಮರದ ಕಡ್ಡಿಯ ತುದಿಯಿಂದ ಅದನ್ನು ತೆಗೆಯಬಹುದು, ತೆಗೆಯುವ ಮೊದಲು ಫೋಟೊ ಇರಲಿ.

ಎಷ್ಟು ಅಂತರ ಸಹಜ?

ಹೋಲ್ಸ್ಟರಿನ ವರ್ಷ ಪಿಸ್ತೂಲಿಗಿಂತ ಒಂದೆರಡು ವರ್ಷ ಹಿಂದೆ ಅಥವಾ ಮುಂದೆ ಇದ್ದರೆ ಅದು ಉಗ್ರಾಣದ ಸಹಜ ವ್ಯವಹಾರ. ಪಿಸ್ತೂಲು ಒಂದು ಊರಿನಿಂದ, ಚರ್ಮ ಇನ್ನೊಂದು ಊರಿನಿಂದ ಬಂದು ಡಿಪೋದಲ್ಲಿ ಸೇರುತ್ತಿದ್ದವು. ಕೆಲವು ಪಿಸ್ತೂಲುಗಳ ಮೇಲೆ 1917, ಅದರ ಮೇಲೆ 1920 ಎಂದು ಎರಡು ವರ್ಷಗಳಿರುತ್ತವೆ. ಮೊದಲ ಯುದ್ಧದ ನಂತರ ಉಳಿದ ಚಿಕ್ಕ ಸೇನೆಯಲ್ಲಿ ಮರುಬಳಕೆಯಾದವು ಅವು. ಅವುಗಳ ಜೊತೆ 1920ರ ದಶಕದ ಹೋಲ್ಸ್ಟರ್ ಇದ್ದರೆ ಅದು ತಪ್ಪಲ್ಲ, ಅದೇ ಸರಿ. ಇಪ್ಪತ್ತು ವರ್ಷದ ಅಂತರವಿದ್ದರೆ ಮಾತ್ರ ಚರ್ಮದ ಸಾಕ್ಷಿ ಕೇಳಿ. ಅದು ಹೌದು ಎಂದರೆ ಒಪ್ಪಿಕೊಳ್ಳಿ.

ಅಮೆರಿಕದಲ್ಲಿರುವವರಿಗೆ ಇನ್ನೊಂದು ಮಾತು. ಅಲ್ಲಿನ ಸೈನಿಕರು 1945ರಲ್ಲಿ ಪಿಸ್ತೂಲು ಮನೆಗೆ ತರಲು ಮೇಲಧಿಕಾರಿಯ ಸಹಿಯ ಚೀಟಿ ಪಡೆಯುತ್ತಿದ್ದರು. ಚೀಟಿಯಲ್ಲಿ ಪಿಸ್ತೂಲಿನ ನಂಬರ್ ಇರುವುದುಂಟು. ಹೋಲ್ಸ್ಟರಿನ ಯಾವುದೋ ಸಂದಿಯಲ್ಲಿ ಮಡಚಿಟ್ಟ ಕಾಗದ ಸಿಕ್ಕರೆ ಬಿಡಿಸುವ ಮುನ್ನ ಕಾಗದ ಸಂರಕ್ಷಿಸುವವರಿಗೆ ತೋರಿಸಿ. ಆ ಚೀಟಿ ಇರುವ ಸೆಟ್‌ನಲ್ಲಿ ಮ್ಯಾಗಜೀನ್ ಕೂಡದಿದ್ದರೂ, ಹೋಲ್ಸ್ಟರ್ ಬೇರೆ ಪಿಸ್ತೂಲಿನದಾಗಿದ್ದರೂ ಏನನ್ನೂ ಬದಲಿಸಬೇಡಿ. ಮುಚ್ಚಳದೊಳಗೆ ಶಾಯಿಯಲ್ಲಿ ಒಬ್ಬ ಸೈನಿಕನ ಹೆಸರಿದ್ದರೆ ಅದನ್ನು ಮುಟ್ಟಲೇಬೇಡಿ. ಆ ಕಾಲದ ಜರ್ಮನ್ ಸೈನಿಕರ ದಾಖಲೆಗಳು ಈಗ ಜರ್ಮನಿಯ ಕೇಂದ್ರ ದಾಖಲಾಗಾರವಾದ ಬುಂಡೆಸ್‌ಆರ್ಕಿವ್‌ನಲ್ಲಿವೆ, ಅಲ್ಲಿಗೆ ಬರೆದು ವಿಚಾರಿಸಬಹುದು. ಹೆಸರಿನ ಹಿಂದೆ ಒಂದು ಕುಟುಂಬ ಇರುತ್ತದೆ, ಆ ಸೈನಿಕ ಹೋದ ಊರುಗಳಲ್ಲಿ ನೊಂದ ಕುಟುಂಬಗಳೂ ಇರುತ್ತವೆ. ಈ ವಸ್ತುಗಳನ್ನು ನಾನು ಸುಂದರ ಎಂದು ಕಾಪಾಡುವುದಿಲ್ಲ, ಸಾಕ್ಷಿ ಎಂದು ಕಾಪಾಡುತ್ತೇನೆ.

ಇಟ್ಟುಕೊಳ್ಳುವುದು

ಪಿಸ್ತೂಲನ್ನು ಹೋಲ್ಸ್ಟರಿನೊಳಗೆ ಇಡಬೇಡಿ. ಚರ್ಮದಲ್ಲಿನ ಆಮ್ಲ ಮತ್ತು ತೇವ ಉಕ್ಕಿಗೆ ತುಕ್ಕು ಹಿಡಿಸುತ್ತವೆ, ತುಕ್ಕು ಚರ್ಮವನ್ನು ತಿನ್ನುತ್ತದೆ. ಮ್ಯಾಗಜೀನ್, ಉಪಕರಣಗಳನ್ನೂ ಹೊರಗೆ ಬೇರೆ ಬೇರೆ ಇಟ್ಟು, ಹೋಲ್ಸ್ಟರಿನೊಳಗೆ ಆಮ್ಲರಹಿತ ತೆಳು ಕಾಗದವನ್ನು ಸಡಿಲವಾಗಿ ತುಂಬಿ. ಆಕಾರ ನಿಲ್ಲಬೇಕು, ಹೊಲಿಗೆ ಬಿಗಿಯಬಾರದು. ಒಣಗಿದ ಪಟ್ಟಿಯನ್ನು ಬಕಲ್‌ಗೆ ಹಾಕಿ ಎಳೆಯಬೇಡಿ, ತೂತಿನ ಹತ್ತಿರ ಪಟ್ ಎಂದು ಮುರಿಯುತ್ತದೆ.

ಕೈಗೆ ಕೆಂಪು ಪುಡಿ ಅಂಟಿದರೆ ಚರ್ಮ ಒಳಗಿನಿಂದ ಕೊಳೆಯುತ್ತಿದೆ. ಆ ಹಂತದಲ್ಲಿ ಎಣ್ಣೆ ಹಾಕಿದರೆ ಕಪ್ಪು ಕೆಸರಾಗುತ್ತದೆ. ಕ್ಲೂಸೆಲ್ ಜಿ ಎಂಬ ಪುಡಿಯನ್ನು ಆಲ್ಕೋಹಾಲಿನಲ್ಲಿ ತೆಳುವಾಗಿ ಕದಡಿ ಮೃದು ಕುಂಚದಿಂದ ಹಚ್ಚುವುದು ನಮ್ಮ ಕಸುಬಿನಲ್ಲಿ ರೂಢಿ. ಮೊದಲು ಕಾಣದ ಮೂಲೆಯಲ್ಲಿ ಪ್ರಯೋಗ ಮಾಡಿ, ಶಾಯಿಯ ಬರಹವಿದ್ದ ಕಡೆ ಹಚ್ಚಲೇಬೇಡಿ, ಆಲ್ಕೋಹಾಲಿಗೆ ಶಾಯಿ ಹರಡುತ್ತದೆ. ತೇವಾಂಶ ಶೇ 45ರಿಂದ 55ರ ಒಳಗಿರಲಿ. ಮಂಗಳೂರು, ಮಡಿಕೇರಿಗಳ ಮಳೆಗಾಲದಲ್ಲಿ ಇದು ಕಷ್ಟ. ಅಲ್ಲಿರುವವರು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಇಟ್ಟು, ಒಳಗೊಂದು ತೇವಮಾಪಕ ಹಾಕಿ. ಬೆಳ್ಳಗಿನ ಬೂಷ್ಟು ಕಂಡರೆ ಒಣ ಮೃದು ಬ್ರಷ್‌ನಿಂದ ಮನೆಯ ಹೊರಗೆ ತೆಗೆಯಿರಿ, ಮುಖಕ್ಕೆ ಮಾಸ್ಕ್ ಇರಲಿ.

ಕೊನೆಯದಾಗಿ ಒಂದು ಚೀಟಿ ಬರೆಯಿರಿ. ಹೋಲ್ಸ್ಟರಿನ ಮೇಲೆ ಅಂಟಿಸುವುದಕ್ಕಲ್ಲ, ಡಬ್ಬಿಯಲ್ಲಿ ಜೊತೆಗಿಡುವುದಕ್ಕೆ. ಯಾರಿಂದ, ಯಾವ ಊರಿನಲ್ಲಿ ಬಂತು. ಬಂದಾಗ ಒಳಗೆ ಏನೇನು ಇತ್ತು. ಪ್ರತಿ ಮೊಹರು ಎಲ್ಲಿದೆ, ಯಾವ ಅಕ್ಷರ ಓದಲಾಗಲಿಲ್ಲ. ಯಾವ ಮ್ಯಾಗಜೀನ್ ಕೂಡುತ್ತದೆ, ಯಾವುದು ಕೂಡುವುದಿಲ್ಲ. ನೀವು ಏನು ಸೇರಿಸಿದಿರಿ, ಯಾವ ದಿನ. ಕಳೆದುಹೋದ ಉಪಕರಣದ ಜಾಗಕ್ಕೆ ಅದೇ ಕಾಲದ ಇನ್ನೊಂದನ್ನು ಕೊಂಡು ಇಟ್ಟರೆ ತಪ್ಪೇನಿಲ್ಲ, ಆದರೆ ಅದು ನೀವು ಇಟ್ಟದ್ದು ಎಂದು ಚೀಟಿಯಲ್ಲಿ ಸ್ಪಷ್ಟವಾಗಿರಬೇಕು. ಪೆನ್ಸಿಲ್‌ನಲ್ಲಿ ಬರೆಯಿರಿ, ಬಾಲ್ ಪೆನ್ನಿನ ಶಾಯಿ ಚರ್ಮಕ್ಕೆ ಇಳಿಯುತ್ತದೆ.